ಮೆಕ್ಸಿಕೋದ ಪುಯೆಬ್ಲಾದಲ್ಲಿ ಆರು ದಿನ: ಟೈಲ್ಸ್, ಗಾರೆ, ಚಿನ್ನದ ರೇಕು, ಮತ್ತೆ ಒಂದು ಪ್ರಶ್ನೆ

ಶಿಕಾರಿಪುರದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಈಗ ನಿವೃತ್ತ. ಮಗಳ ಮನೆ ಮೆಕ್ಸಿಕೋ ಸಿಟಿಯಲ್ಲಿದೆ. ಅಲ್ಲಿಗೆ ಹೋದಾಗ ಪುಯೆಬ್ಲಾ ಅನ್ನುವ ಊರಿನಲ್ಲಿ ಆರು ದಿನ ಉಳಿದಿದ್ದೆ. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಹಳೆ ಗುಡಿ, ಹಳೆ ಮನೆ ಅಂದರೆ ಪ್ರೀತಿ ಇರುವವರು ಇಲ್ಲಿ ತುಂಬಾ ಜನ ಇದ್ದೀರಿ. ಅದಕ್ಕೆ ನೋಡಿದ್ದನ್ನು ಬರೆಯುತ್ತಿದ್ದೇನೆ.

ಊರು ಕಟ್ಟಿದ್ದು 1531ರಲ್ಲಿ, ಸ್ಪೇನಿನವರು. ಬೀದಿಗಳೆಲ್ಲ ಚೌಕದ ಕಾಗದದ ಮೇಲೆ ಗೆರೆ ಎಳೆದ ಹಾಗೆ ನೇರ. ಹೆಸರಿನ ಬದಲು ನಂಬರು, ಜೊತೆಗೆ ದಿಕ್ಕು. ಎರಡನೇ ದಿನಕ್ಕೆ ಯಾರನ್ನೂ ಕೇಳದೆ ಓಡಾಡಿದೆ.

ಮೊದಲು ಕಣ್ಣಿಗೆ ಬೀಳುವುದು ಗೋಡೆ. ಕೆಂಪು ಇಟ್ಟಿಗೆ, ಅದರ ಮಧ್ಯೆ ಮಧ್ಯೆ ನೀಲಿ, ಬಿಳಿ, ಹಳದಿಯ ಟೈಲ್ಸ್. ನಾವು ಟೈಲ್ಸ್ ಅಂದರೆ ಬಚ್ಚಲುಮನೆ, ಅಡುಗೆಮನೆ ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲಿ ಅದನ್ನು ಮನೆಯ ಮುಖಕ್ಕೇ ಹಚ್ಚಿದ್ದಾರೆ. ಚರ್ಚಿನ ಗುಮ್ಮಟಕ್ಕೂ ಅದೇ. ಮಳೆ ಬಂದು ನಿಂತ ಮೇಲೆ ಬಿಸಿಲು ಬಿದ್ದರೆ ಇಡೀ ಗುಮ್ಮಟ ಒದ್ದೆ ಮೀನಿನ ಹಾಗೆ ಹೊಳೆಯುತ್ತದೆ. ಈ ಟೈಲ್ಸಿಗೆ, ಇದೇ ಬಗೆಯ ತಟ್ಟೆ ಬೋಗುಣಿಗಳಿಗೆ, ಅಲ್ಲಿ ತಾಲಾವೇರಾ ಅನ್ನುತ್ತಾರೆ. ಸ್ಪೇನಿನ ಒಂದು ಊರಿನ ಹೆಸರು ಅದು.

ಬೊಂಬೆಗಳ ಮನೆ ಅಂತ ಒಂದಿದೆ. ಗೋಡೆಯ ಟೈಲ್ಸಿನ ಮೇಲೆ ಆಳೆತ್ತರದ ವಿಚಿತ್ರ ಮನುಷ್ಯರು. ಮನೆ ಜಾಸ್ತಿ ಎತ್ತರವಾಯಿತು ಅಂತ ನಗರಸಭೆಯವರು ತಕರಾರು ತೆಗೆದರಂತೆ, ಮಾಲೀಕ ಅವರನ್ನೇ ಅಣಕಿಸಿ ಗೋಡೆಗೆ ಹಾಕಿಸಿದನಂತೆ. ಊರಿನವರು ಹೇಳುವುದು ಹೀಗೆ. ಅದು ಗ್ರೀಕರ ಹರ್ಕ್ಯುಲಿಸನ ಸಾಹಸಗಳ ಚಿತ್ರ ಅನ್ನುವ ವಿದ್ವಾಂಸರೂ ಇದ್ದಾರೆ.

ಇನ್ನೊಂದು ಮನೆಯ ಹೆಸರು ಅಲ್ಫೆನ್ಯೀಕೆ. 1790ರ ಕಟ್ಟಡ. ಅಲ್ಫೆನ್ಯೀಕೆ ಅಂದರೆ ಸಕ್ಕರೆಯಿಂದ ಮಾಡುವ ಒಂದು ಮಿಠಾಯಿ. ಕಿಟಕಿಯ ಸುತ್ತ, ಸೂರಿನ ಅಂಚಿಗೆ ಬಿಳಿ ಗಾರೆಯ ಬಳ್ಳಿ, ಸುರುಳಿ. ನಾನು ನೋಡಿದ ಕೂಡಲೇ "ಸಂಕ್ರಾಂತಿ ಸಕ್ಕರೆ ಅಚ್ಚು!" ಅಂದುಬಿಟ್ಟೆ. ಮಗಳು ನಕ್ಕಳು. ಆ ಮೇಲೆ ಹೆಸರಿನ ಅರ್ಥ ತಿಳಿದು ಇಬ್ಬರಿಗೂ ಖುಷಿಯಾಯಿತು.

ಕೆಥೆಡ್ರಲ್ ದೊಡ್ಡದು, ಬೂದುಬಣ್ಣದ್ದು. ಗೋಪುರಗಳು ಸುಮಾರು 70 ಮೀಟರ್. ಗೌರವ ಹುಟ್ಟಿಸುತ್ತದೆ, ಆದರೆ ನನ್ನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ನಿಂತದ್ದು ಸಾಂತೊ ದೊಮಿಂಗೊ ಚರ್ಚಿನೊಳಗಿನ ರೊಸಾರಿಯೊ ಗುಡಿಯಲ್ಲಿ. 1690ರಲ್ಲಿ ಅದನ್ನು ಪ್ರತಿಷ್ಠೆ ಮಾಡಿದ್ದು. ಒಳಗೆ ಕಾಲಿಟ್ಟರೆ ಗೋಡೆ, ಸೂರು, ಗುಮ್ಮಟ ಎಲ್ಲಾ ಚಿನ್ನ. ಗಟ್ಟಿ ಚಿನ್ನವಲ್ಲ. ಗಾರೆಯಲ್ಲಿ ಉಬ್ಬು ಬಳ್ಳಿ, ಎಲೆ, ದೇವದೂತರನ್ನು ಮಾಡಿ ಮೇಲೆ ಚಿನ್ನದ ರೇಕು ಹಚ್ಚಿದ್ದು. ನಮ್ಮ ಮೈಸೂರು ಚಿತ್ರಗಳಲ್ಲಿ ಮೊದಲು ಗೆಸ್ಸೋ ಅನ್ನುವ ಬಿಳಿ ಅಂಟು ಲೇಪದಿಂದ ಉಬ್ಬು ಎಬ್ಬಿಸಿ ಆಮೇಲೆ ರೇಕು ಕೂರಿಸುತ್ತೇವಲ್ಲ, ಬುದ್ಧಿ ಅದೇ. ಆದರೆ ಇಲ್ಲಿ ಅದರೊಳಗೆ ನಾವೇ ನಿಂತಿರುತ್ತೇವೆ. ಮೇಲೆ ವಾದ್ಯ ನುಡಿಸುವ ದೇವದೂತರು. ಕತ್ತು ನೋಯುವ ತನಕ ನೋಡಿದೆ.

ಆರನೇ ದಿನ ತೊನಾಂತ್ಸಿಂತ್ಲಾ ಅನ್ನುವ ಹಳ್ಳಿಗೆ ಹೋದೆವು. ಚೊಲೂಲಾ ಊರಿನ ಪಕ್ಕ. ತೊನಾಂತ್ಸಿನ್ ಅಂದರೆ ಅಲ್ಲಿನ ನಾವಾತ್ಲ್ ಭಾಷೆಯಲ್ಲಿ "ನಮ್ಮ ತಾಯಿ", ಗೌರವ ಸೇರಿಸಿ ಹೇಳುವ ರೂಪ. ನಮ್ಮ ಕಡೆ "ಅಮ್ಮನವರು" ಅನ್ನುತ್ತೇವಲ್ಲ, ಹಾಗೆ. ಸ್ಪೇನಿನವರು ಬರುವ ಮೊದಲೇ ಇದ್ದ ದೇವಿಯ ಹೆಸರು. ಈಗ ಅಲ್ಲಿರುವುದು ಮೇರಿಯಮ್ಮನ ಚರ್ಚು.

ಹೊರಗೆ ಕೆಂಪು ಗೋಡೆ, ಸಣ್ಣ ಸಾದಾ ಕಟ್ಟಡ. ಒಳಗೆ ಒಂದು ಗೇಣು ಜಾಗವೂ ಖಾಲಿ ಇಲ್ಲ. ಎಲ್ಲಾ ಗಾರೆ ಕೆಲಸ, ಮೇಲೆ ಬಣ್ಣ, ಚಿನ್ನ. ಆದರೆ ಆ ದೇವದೂತರ ಮುಖ ಕಂದು. ತಲೆಯ ಮೇಲೆ ಗರಿಯ ಕಿರೀಟ. ಮೆಕ್ಕೆಜೋಳದ ತೆನೆ, ಹಣ್ಣಿನ ಗೊಂಚಲು. ಮುಖಗಳೆಲ್ಲ ಅದೇ ಹಳ್ಳಿಯ ಮುಖಗಳು. ಬಾಗಿಲಲ್ಲಿ ಕೂತಿದ್ದ ಅಜ್ಜಿಗೂ ಗೋಡೆಯ ಮೇಲಿನ ಒಂದು ಮುಖಕ್ಕೂ ಅಕ್ಕತಂಗಿಯರಷ್ಟು ಹೋಲಿಕೆ. ಫೋಟೋ ತೆಗೆಯಲು ಬಿಡುವುದಿಲ್ಲ. ಅದಕ್ಕೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ನೆನಪಿನಿಂದ ಚಿತ್ರ ಬರೆದೆ.

ಈಗ ನನ್ನ ಪ್ರಶ್ನೆ. ಬೇಲೂರಿನ ಮದನಿಕೆಗಳಲ್ಲಿ ಬಳ್ಳಿಗಾವಿಯ ದಾಸೋಜನ ಹೆಸರಿದೆ. ಅವನು ನಮ್ಮ ತಾಲೂಕಿನವನು. ಮಕ್ಕಳಿಗೆ ನಾನು ವರ್ಷಾ ವರ್ಷಾ ಹೇಳುತ್ತಿದ್ದೆ, ನೋಡಿ, ಕಲ್ಲು ಕೆತ್ತಿದವನು ಹೆಸರು ಬರೆದಿದ್ದಾನೆ ಅಂತ. ಇಲ್ಲಿ ಗಾರೆ ಕೆಲಸದವರ ಹೆಸರು ಹುಡುಕಿದೆ. ಕೇಳಿದೆ. "ಊರಿನವರು ಮಾಡಿದ್ದು" ಅಂದರು, ಅಷ್ಟೇ. ಬಿಷಪ್ಪರ ಹೆಸರು ಎಲ್ಲೆಲ್ಲೂ ಇದೆ. ಈ ಕೈಗಳ ಹೆಸರು ಯಾಕಿಲ್ಲ?

ಮಣ್ಣುತಿಗರಿ:

ಮೇಷ್ಟ್ರೇ, ಓದಿ ತುಂಬಾ ಸಂತೋಷವಾಯಿತು. ನಾನು ಬೆಂಗಳೂರಿನಲ್ಲಿ ಕುಂಬಾರಿಕೆ ಕೆಲಸ ಮಾಡುತ್ತೇನೆ. ತಾಲಾವೇರಾ ಬಗ್ಗೆ ಸ್ವಲ್ಪ ಹೇಳಲಾ?

ಎರಡು ಬಗೆಯ ಮಣ್ಣು ಸೇರಿಸುತ್ತಾರೆ, ಒಂದು ಕಪ್ಪು, ಒಂದು ಬಿಳಿ. ಸೋಸಿ, ನೀರು ಇಂಗಿಸಿ, ಕಾಲಿನಲ್ಲಿ ತುಳಿದು ಹದ ಮಾಡುತ್ತಾರೆ. ತಿಗರಿಯ ಮೇಲೆ ಅಥವಾ ಅಚ್ಚಿನಲ್ಲಿ ರೂಪ ಕೊಟ್ಟು, ಆತುರ ಇಲ್ಲದೆ ನೆರಳಲ್ಲಿ ಒಣಗಿಸುತ್ತಾರೆ. ಒಂದು ಸಲ ಸುಟ್ಟ ಮೇಲೆ ಬಿಳಿ ಗ್ಲೇಜಿನಲ್ಲಿ ಅದ್ದುತ್ತಾರೆ. ಹಳೆ ಕಾಲದಿಂದ ಆ ಬಿಳುಪು ಬರುವುದು ತವರದಿಂದ. ಮಣ್ಣಿನ ಕೆಂಪನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಕಷ್ಟ ಇರುವುದು ಇನ್ನು ಮುಂದೆ. ಒಣಗಿದ ಆ ಗ್ಲೇಜು ಸುಣ್ಣದ ಪುಡಿಯ ಹಾಗೆ ಇರುತ್ತದೆ. ಅದರ ಮೇಲೇ ಬಣ್ಣ ಹಾಕಬೇಕು. ಕುಂಚ ತಾಗಿದ ತಕ್ಷಣ ಹೀರಿಕೊಳ್ಳುತ್ತದೆ. ಅಳಿಸುವ ಮಾತೇ ಇಲ್ಲ. ಕೈ ನಡುಗಿದರೆ ನಡುಕವೂ ಹಾಗೇ ಸುಟ್ಟು ಉಳಿಯುತ್ತದೆ. ಗೆರೆಗೆ ಗುರುತು ಬೇಕಾದರೆ ಕಾಗದದಲ್ಲಿ ಸಣ್ಣ ತೂತು ಚುಚ್ಚಿ ಇದ್ದಿಲ ಪುಡಿ ತಟ್ಟುತ್ತಾರೆ. ಸೀರೆಯ ಮೇಲೆ ಕಸೂತಿಗೆ ಟ್ರೇಸಿಂಗ್ ಮಾಡುವಾಗ ನಮ್ಮವರು ಮಾಡುವ ಹಾಗೆಯೇ.

ಬಣ್ಣ ಆರೇ ಆರು: ನೀಲಿ, ಹಳದಿ, ಕಪ್ಪು, ಹಸಿರು, ಕಿತ್ತಳೆ, ತಿಳಿ ನೇರಳೆ. ನೀಲಿ ಕೋಬಾಲ್ಟಿನದು, ಅದೇ ದುಬಾರಿ. ಎರಡನೇ ಸಲ ಸುಟ್ಟಾಗ ಗ್ಲೇಜು ಕರಗಿ ಗಾಜಾಗುತ್ತದೆ. ಒಳ್ಳೆ ತಾಲಾವೇರಾದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ. ನೀಲಿ ಇರುವ ಕಡೆ ಸ್ವಲ್ಪ ಉಬ್ಬು ತಿಳಿಯುತ್ತದೆ.

ಹೆಸರಿನ ಪ್ರಶ್ನೆಗೆ ಅರ್ಧ ಉತ್ತರ ನನ್ನ ಹತ್ತಿರ ಇದೆ. 1653ರಲ್ಲಿ ಪುಯೆಬ್ಲಾದ ಕುಂಬಾರರ ಸಂಘಕ್ಕೆ ಕಟ್ಟಳೆ ಬಂತು. ಪ್ರತಿ ಮೇಸ್ತ್ರಿಯೂ ತನ್ನ ಪಾತ್ರೆಗೆ ಗುರುತು ಹಾಕಬೇಕು, ನಕಲಿ ಆಗಬಾರದು ಅಂತ. ಆದರೆ ಮೇಸ್ತ್ರಿ ಆಗುವ ಪರೀಕ್ಷೆ ಸ್ಪೇನಿನ ವಂಶದವರಿಗೆ ಮಾತ್ರ. ಮಣ್ಣು ತುಳಿದವರು, ಗೂಡಿಗೆ ಸೌದೆ ಹಾಕಿದವರು, ಎಷ್ಟೋ ಸಲ ಬಣ್ಣ ಹಾಕಿದವರೂ ಬೇರೆಯವರು. ಗುರುತು ಮೇಸ್ತ್ರಿಯದು.

ಶಿಕಾರಿಪುರದ ಮೇಷ್ಟ್ರು:

ಅಮ್ಮಾ, ಎಷ್ಟು ಚೆನ್ನಾಗಿ ತಿಳಿಸಿದಿರಿ. ಅಳಿಸಲು ಆಗುವುದಿಲ್ಲ ಅನ್ನುವ ಮಾತು ಓದಿ ನಾನು ತಂದ ತಟ್ಟೆ ಕೈಗೆತ್ತಿಕೊಂಡೆ. ಬೆರಳಾಡಿಸಿದರೆ ಗಾಜಿನಷ್ಟು ನುಣುಪು. ಎಲ್ಲಾ ಎಲೆಗಳೂ ಒಂದೇ ಅಳತೆ. ತಳದಲ್ಲಿ ಏನೂ ಬರೆದಿಲ್ಲ. ಅಂಗಡಿಯವರು ಕೈಯಿಂದಲೇ ಮಾಡಿದ ತಾಲಾವೇರಾ ಅಂದಿದ್ದರು.

ಮಣ್ಣುತಿಗರಿ:

ಅದರ ಚಿತ್ರ ಕುಂಚದಲ್ಲಿ ಬರೆದದ್ದಲ್ಲ, ಅಚ್ಚು ಒತ್ತಿದ್ದು ಇರಬೇಕು, ಮೇಷ್ಟ್ರೇ. ಬೇಜಾರು ಮಾಡಿಕೊಳ್ಳಬೇಡಿ. ಅಸಲಿ ಪಾತ್ರೆಯ ತಳದಲ್ಲಿ ಕಾರ್ಖಾನೆಯ ಗುರುತು, ಊರಿನ ಹೆಸರು, ಸಹಿ ಇರುತ್ತದೆ. ಈಗ ಆ ಹೆಸರಿಗೆ ಕಾನೂನಿನ ರಕ್ಷಣೆಯೂ ಇದೆ, ನಮ್ಮ ಮೈಸೂರು ರೇಷ್ಮೆಗೆ, ಚನ್ನಪಟ್ಟಣದ ಬೊಂಬೆಗೆ ಇರುವ ಹಾಗೆ. 2019ರಲ್ಲಿ ಯುನೆಸ್ಕೋ ಈ ಕಸುಬನ್ನು ತನ್ನ ಪಟ್ಟಿಗೆ ಸೇರಿಸಿತು, ಮೆಕ್ಸಿಕೋ ಮತ್ತು ಸ್ಪೇನ್ ಎರಡರ ಪರವಾಗಿ.

ಬೀದರಿನ ಬಾಗಿಲು:

ಮೇಷ್ಟ್ರಿಗೆ ನಮಸ್ಕಾರ. ನೀವು ಆ ನೀಲಿ ಟೈಲ್ಸ್ ಬಗ್ಗೆ ಬರೆದದ್ದು ಓದುವಾಗ ನನ್ನ ಕಣ್ಣ ಮುಂದೆ ನಮ್ಮೂರಿನ ಮಹಮೂದ್ ಗವಾನ್ ಮದರಸಾ ಬಂತು. 1472ರ ಕಟ್ಟಡ. ಅರ್ಧ ಬಿದ್ದುಹೋಗಿದೆ, ಆದರೂ ಉಳಿದ ಮಿನಾರಿನ ಮೇಲೆ ಅಂಕುಡೊಂಕು ಪಟ್ಟಿಯ ಟೈಲ್ಸ್ ಇನ್ನೂ ಇವೆ. ಚಿಕ್ಕಂದಿನಲ್ಲಿ ಶಾಲೆಗೆ ಹೋಗುವಾಗ ದಿನಾ ನೋಡುತ್ತಿದ್ದೆ.

ಎರಡೂ ಒಂದೇ ಮನೆತನದವು ಸರ್. ಗಾಜಿನ ಹೊಳಪಿನ ಟೈಲ್ಸಿನಿಂದ ಗೋಡೆ ಮುಚ್ಚುವ ವಿದ್ಯೆ ಪರ್ಷಿಯಾ, ಇರಾಕ್ ಕಡೆಯಲ್ಲಿ ಬೆಳೆಯಿತು. ಅಲ್ಲಿಂದ ಒಂದು ಕವಲು ಬೀದರಿಗೆ ಬಂತು. ಇನ್ನೊಂದು ಅರಬರ ಜೊತೆ ಸ್ಪೇನಿಗೆ ಹೋಯಿತು, ಅಲ್ಲಿಂದ ಹಡಗು ಹತ್ತಿ ಪುಯೆಬ್ಲಾಕ್ಕೆ. ಸ್ಪ್ಯಾನಿಶ್‌ನಲ್ಲಿ ಟೈಲ್ಸಿಗೆ ಅಸುಲೇಹೊ ಅನ್ನುತ್ತಾರಲ್ಲ, ಅದೂ ಅರಬ್ಬಿ ಮಾತೇ. ನೀವು ಮೆಕ್ಸಿಕೋದವರೆಗೆ ಹೋಗಿ ಬಂದಿದ್ದೀರಿ. ಒಂದು ಸಲ ಬೀದರಿಗೂ ಬನ್ನಿ, ನಮ್ಮ ಮನೆಯಲ್ಲೇ ಇಳಿದುಕೊಳ್ಳಿ.

ನೇರಮಾತು:

ಎಲ್ಲಾ ಸರಿ. ಆದರೆ ನನಗೆ ಒಂದು ವಿಷಯ ನುಂಗಲಾಗುತ್ತಿಲ್ಲ. ಕ್ಷಮಿಸಿ, ಹೇಳಿಬಿಡುತ್ತೇನೆ. ಆ ಚಿನ್ನ ಎಲ್ಲಿಂದ ಬಂತು? 1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ತೆಸ್ ಅದೇ ಚೊಲೂಲಾದಲ್ಲಿ ಸಾವಿರಾರು ಜನರನ್ನು ಕೊಲ್ಲಿಸಿದ. ಅವರ ದೊಡ್ಡ ಪಿರಮಿಡ್ಡಿನ ನೆತ್ತಿಯ ಮೇಲೆ ಇವರು ಚರ್ಚು ಕಟ್ಟಿದರು. ಪುಯೆಬ್ಲಾ ಕಟ್ಟಿದ್ದೇ ಸ್ಪೇನಿನವರು ಇರಲಿ ಅಂತ. ಕಲ್ಲು ಹೊತ್ತವರು ಸುತ್ತಲಿನ ಊರುಗಳ ಜನ. ನೀವು ಕತ್ತು ನೋಯುವ ತನಕ ನೋಡಿದ ಗುಡಿಯನ್ನು ನಾನು ಹಾಗೆ ನೋಡಲಾರೆ.

ಶಿಕಾರಿಪುರದ ಮೇಷ್ಟ್ರು:

ನೀವು ಹೇಳಿದ್ದು ಸತ್ಯ. ನಾನು ಅದನ್ನು ಬರೆಯದೆ ಬಿಟ್ಟದ್ದು ತಪ್ಪು. ಚೊಲೂಲಾದ ಪಿರಮಿಡ್ ಹತ್ತಿ ಬಂದೆ. ಹತ್ತುವಾಗ ಗೊತ್ತೇ ಆಗುವುದಿಲ್ಲ, ಹುಲ್ಲು ಬೆಳೆದ ಗುಡ್ಡ. ಒಂದು ಬದಿ ಸುಮಾರು 400 ಮೀಟರ್, ಮಣ್ಣಿನ ಹಸಿ ಇಟ್ಟಿಗೆಯಿಂದ ಕಟ್ಟಿದ್ದು. ಗಾತ್ರದಲ್ಲಿ ಈಜಿಪ್ಟಿನ ಪಿರಮಿಡ್ಡುಗಳಿಗಿಂತ ದೊಡ್ಡದು. ಅದರ ಹಳೆ ಹೆಸರಿಗೆ "ಕೈಯಿಂದ ಮಾಡಿದ ಬೆಟ್ಟ" ಅಂತಲೇ ಅರ್ಥ. ಮೇಲೆ ನಿಂತರೆ ಪೊಪೊಕಾತೆಪೆತ್ಲ್ ಜ್ವಾಲಾಮುಖಿ ಹೊಗೆ ಬಿಡುವುದು ಕಾಣುತ್ತದೆ. ಅಲ್ಲಿ ನನಗೂ ಎದೆ ಭಾರವಾಯಿತು.

ಆದರೆ ತೊನಾಂತ್ಸಿಂತ್ಲಾದ ಕಂದು ಮುಖಗಳನ್ನು ನೋಡಿ. ದೇವರನ್ನು ಬದಲಿಸು ಅಂದರು, ಬದಲಿಸಿದರು. ದೇವದೂತರನ್ನು ಮಾಡು ಅಂದರು, ಮಾಡಿದರು. ಮುಖ ಮಾತ್ರ ತಮ್ಮ ಮಕ್ಕಳದ್ದು ಮಾಡಿದರು. ಹೆಸರು ಬರೆಯಲು ಬಿಡದವರ ಎದುರು ಮುಖ ಬರೆದಿಟ್ಟರು ಅನಿಸಿತು. ಅದಕ್ಕೆ ನಾನು ಆ ಗೋಡೆಗಳಿಂದ ಕಣ್ಣು ತೆಗೆಯಲಾರೆ.

ನೇರಮಾತು:

ಈ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ರೊಸಾರಿಯೊ ಗುಡಿಯ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ಹಾಸನದಿಂದ ದೂರ:

ನಾನು ಪುಯೆಬ್ಲಾದಲ್ಲೇ ಇರುವವನು. ಇಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಮೇಷ್ಟ್ರೇ, ನೀವು ಬರುವ ವಿಷಯ ಮೊದಲೇ ಗೊತ್ತಿದ್ದರೆ ಮನೆಗೆ ಊಟಕ್ಕೆ ಕರೆಯುತ್ತಿದ್ದೆ.

ನೇರಮಾತು ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಳೆ ಊರಿನ ಪೂರ್ವಕ್ಕೆ ಅನಾಲ್ಕೊ ಅನ್ನುವ ಕೇರಿ ಇದೆ. ನಾವಾತ್ಲ್‌ನಲ್ಲಿ ಹಾಗಂದರೆ "ಹೊಳೆಯಾಚೆ". ಈ ಕಡೆ ಸ್ಪೇನಿನವರು, ಆ ಕಡೆ ಊರು ಕಟ್ಟಿದ ಕೆಲಸದವರು. ಮಧ್ಯೆ ಹರಿಯುತ್ತಿದ್ದ ಹೊಳೆಯನ್ನು ಕೊಳವೆಗೆ ಹಾಕಿ ಮೇಲೆ ದೊಡ್ಡ ರಸ್ತೆ ಮಾಡಿದ್ದಾರೆ. ದಿನಾ ಆ ರಸ್ತೆ ದಾಟುತ್ತೇನೆ. ಹೊಳೆ ಇತ್ತು ಅಂತ ಹೇಳಿದರೆ ಮಾತ್ರ ಗೊತ್ತಾಗುತ್ತದೆ, ಕೇರಿಯ ಹೆಸರು ಮಾತ್ರ ಉಳಿದಿದೆ.

ಇನ್ನೊಂದು ವಿಷಯ ಭೂಕಂಪ. 2017ರ ಸೆಪ್ಟೆಂಬರ್ 19, 7.1ರ ಅಳತೆಯದು. ನಾವೆಲ್ಲ ಅಂಗಳಕ್ಕೆ ಓಡಿದೆವು. ಚೊಲೂಲಾದ ಪಿರಮಿಡ್ ಮೇಲಿನ ಚರ್ಚಿನ ಗೋಪುರಗಳ ತಲೆ ಕಳಚಿ ಬಿತ್ತು. ತೊನಾಂತ್ಸಿಂತ್ಲಾಕ್ಕೂ ಪೆಟ್ಟಾಯಿತು. ಮೇಷ್ಟ್ರು ನೋಡಿದ ಎಷ್ಟೋ ಗೋಡೆ ಆಮೇಲೆ ರಿಪೇರಿ ಆದದ್ದು. ಸಾರುವೆ ಕಟ್ಟಿಕೊಂಡು ಒಂದೊಂದು ಬಿರುಕಿಗೂ ಸುಣ್ಣದ ಗಾರೆ ತುಂಬುವುದನ್ನು ಚರ್ಚೊಂದರಲ್ಲಿ ನಾನೇ ನಿಂತು ನೋಡಿದ್ದೇನೆ. ಆ ಕೆಲಸದವರ ಹೆಸರೂ ನನಗೆ ಗೊತ್ತಿಲ್ಲ. ಈಗ ನಿಮ್ಮ ಪ್ರಶ್ನೆ ಓದಿದ ಮೇಲೆ ಕೇಳಬೇಕಿತ್ತು ಅನಿಸುತ್ತಿದೆ.

ಪುಸ್ತಕದ ಪೆಟ್ಟಿಗೆ:

ಮೇಷ್ಟ್ರೇ, ಪಾಲಾಫೊಕ್ಸ್ ಗ್ರಂಥಾಲಯ ನೋಡಲಿಲ್ವಾ? 1646ರಲ್ಲಿ ಬಿಷಪ್ ಹುವಾನ್ ದೆ ಪಾಲಾಫೊಕ್ಸ್ ತಮ್ಮ 5,000 ಪುಸ್ತಕ ಕೊಟ್ಟು ಶುರು ಮಾಡಿದ್ದು. ಪಾದ್ರಿಗಳಿಗೆ ಮಾತ್ರವಲ್ಲ, ಓದಲು ಬರುವ ಯಾರಿಗಾದರೂ ತೆರೆದಿರಬೇಕು ಅಂತ ಷರತ್ತು. ಈಗ 45,000ಕ್ಕೂ ಹೆಚ್ಚು ಪುಸ್ತಕ ಇವೆ. ಮರದ ಕಪಾಟುಗಳು ಮೂರು ಅಂತಸ್ತು, ಉದ್ದಕ್ಕೆ.

ನಾನು ಹೇಳಬೇಕೆಂದಿದ್ದು ಮುಖ್ಯವಾಗಿ ಇದಲ್ಲ. ನೀವು ಹೆಸರಿಲ್ಲದವರ ಬಗ್ಗೆ ಕೇಳಿದಿರಿ. ಪುಯೆಬ್ಲಾದಲ್ಲಿ ನಮ್ಮ ಕಡೆಯ ಒಬ್ಬ ಹೆಣ್ಣುಮಗಳಿದ್ದಳು. ಮಿರ್‍ರಾ ಅಂತ ಹೆಸರು. ಭಾರತದಲ್ಲಿ ಹುಟ್ಟಿದವಳು. ಹುಡುಗಿಯಾಗಿದ್ದಾಗ ಪೋರ್ಚುಗೀಸ್ ಕಡಲ್ಗಳ್ಳರು ಹಿಡಿದು ಕೊಚ್ಚಿಗೆ ಒಯ್ದರು. ಅಲ್ಲಿ ಕಾತರೀನಾ ದೆ ಸಾನ್ ಹುವಾನ್ ಅಂತ ಹೆಸರಿಟ್ಟರು. ಆಮೇಲೆ ಮನಿಲಾದ ಗುಲಾಮರ ಪೇಟೆ. ಅಲ್ಲಿಂದ ಪೆಸಿಫಿಕ್ ಸಾಗರ ದಾಟುವ ಹಡಗಿನಲ್ಲಿ ಅಕಾಪುಲ್ಕೊ. ಪುಯೆಬ್ಲಾದ ಒಬ್ಬ ಕ್ಯಾಪ್ಟನ್ ಅವಳನ್ನು ಕೊಂಡ. ನಿಮ್ಮ ಟೈಲ್ಸಿನ ನೀಲಿಗೆ ಮಾದರಿಯಾದ ಚೀನಾದ ಪಿಂಗಾಣಿ ಬಂದದ್ದೂ ಅದೇ ಹಡಗು ದಾರಿಯಲ್ಲಿ.

ಮನಿಲಾ ದಾರಿಯಲ್ಲಿ ಬಂದ ಏಷ್ಯಾದವರನ್ನೆಲ್ಲ ಅಲ್ಲಿ "ಚೀನೊ", "ಚೀನಾ" ಅನ್ನುತ್ತಿದ್ದರು. ಅದಕ್ಕೆ ಅವಳು "ಪುಯೆಬ್ಲಾದ ಚೀನಾ". ಉಪವಾಸ, ಪ್ರಾರ್ಥನೆಯಲ್ಲಿ ಬಾಳಿದಳು. ಜನ ಸಂತಳೆಂದು ನಂಬಿದರು. 1688ರ ಜನವರಿಯಲ್ಲಿ ತೀರಿಕೊಂಡಳು. ಅವಳ ಪಾದ್ರಿ ಮೂರು ಸಂಪುಟದ ಚರಿತ್ರೆ ಬರೆದರು, ಮೊಗಲರ ರಾಜಕುಮಾರಿ ಅಂದರು. ಅದನ್ನು ಹಾಗೇ ನಂಬಲು ಕಷ್ಟ. ಚರ್ಚಿನ ವಿಚಾರಣಾ ಮಂಡಳಿ ಆ ಪುಸ್ತಕವನ್ನೇ ನಿಷೇಧಿಸಿತು.

ಅಂಗಡಿಗಳಲ್ಲಿ ಹೊಳೆಯುವ ಚಮಕಿ ಲಂಗದ "ಚೀನಾ ಪೊಬ್ಲಾನಾ" ಬೊಂಬೆ ನೋಡಿರಬೇಕು. ಆ ಉಡುಪು 19ನೇ ಶತಮಾನದ್ದು. ಮಿರ್‍ರಾ ಸಾದಾ ಬಟ್ಟೆ ಉಟ್ಟವಳು. ಅವಳ ಸಮಾಧಿ ಕೊಂಪಾನ್ಯಿಯಾ ಚರ್ಚಿನ ಒಳಕೋಣೆಯಲ್ಲಿದೆ ಅನ್ನುತ್ತಾರೆ.

ಶಿಕಾರಿಪುರದ ಮೇಷ್ಟ್ರು:

ಆ ಬೊಂಬೆಯನ್ನು ಮೊಮ್ಮಗಳಿಗೆ ಅಂತ ತಂದಿದ್ದೇನೆ. ಕೆಂಪು, ಹಸಿರು ಲಂಗ, ಚಮಕಿ. ಯಾರೂ ಈ ಕಥೆ ಹೇಳಲಿಲ್ಲ. ಕೊಂಪಾನ್ಯಿಯಾ ಚರ್ಚಿನ ಮುಂದೆಯೇ ಎರಡು ಸಲ ಹಾದುಹೋದೆ. ಹೊರಗಿನ ಬಿಳಿ ಗಾರೆ ಕೆಲಸ ಚೆನ್ನಾಗಿದೆ ಅಂತ ನಿಂತು ನೋಡಿದ್ದೆ ಕೂಡ. ಒಳಗೆ ಹೋಗಲಿಲ್ಲ.

ಗ್ರಂಥಾಲಯ ನೋಡಿದೆ ತಾಯಿ. ಕೆಂಪು ಇಟ್ಟಿಗೆಯ ನೆಲ, ಹಳೆ ಮರದ ವಾಸನೆ. ಬರೆಯಲು ಮರೆತೆ.

ಹಾಸನದಿಂದ ದೂರ:

ನಾನು ಏಳು ವರ್ಷದಿಂದ ಇಲ್ಲಿದ್ದೇನೆ, ನನಗೂ ಗೊತ್ತಿರಲಿಲ್ಲ. ಭಾನುವಾರ ಹೋಗಿ ಬರುತ್ತೇನೆ.

ಹಾಸನದಿಂದ ದೂರ:

ಹೋಗಿ ಬಂದೆ. ಹೆಂಡತಿ, ಮಗನೂ ಬಂದಿದ್ದರು. ಮೊದಲ ಸಲ ಹೋದಾಗ ಪೂಜೆ ನಡೆಯುತ್ತಿತ್ತು. ಕಾದೆವು. ಆಮೇಲೆ ಅಲ್ಲಿ ನೋಡಿಕೊಳ್ಳುವ ಹಿರಿಯರೊಬ್ಬರು ಒಳಕೋಣೆಗೆ ಕರೆದುಕೊಂಡು ಹೋದರು. ಗೋಡೆಯಲ್ಲಿ ಫಲಕ ಇದೆ. ಕಾತರೀನಾ ಅಂತ ಇದೆ. ನಾನು ಹುಡುಕಿದ ಹೆಸರು ಕಾಣಲಿಲ್ಲ.

ಅವರಿಗೆ ಹೇಳಿದೆ, ನಾವು ಭಾರತದವರು, ಇವಳ ಮೊದಲ ಹೆಸರು ಬೇರೆ ಇತ್ತು ಅಂತ. ಏನು ಅಂತ ಕೇಳಿದರು. ನನ್ನ ನಾಲಿಗೆಗೆ ಬಂದ ಹಾಗೆ "ಮೀರಾ" ಅಂದೆ. ಸ್ಪ್ಯಾನಿಶ್‌ನಲ್ಲಿ "ಮೀರಾ" ಅಂದರೆ "ನೋಡು". ನಾನು ಏನೋ ತೋರಿಸುತ್ತಿದ್ದೇನೆ ಅಂದುಕೊಂಡು ಅವರು ಫಲಕದ ಕಡೆಗೇ ತಿರುಗಿ, ಹತ್ತಿರ ಹೋಗಿ ನೋಡಿದರು. ಅದು ಹೆಸರು ಅಂತ ಮಗ ಬಿಡಿಸಿ ಹೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನೆ ಇದ್ದು, ತಾವೂ ಒಂದು ಸಲ ಮೆಲ್ಲಗೆ ಆ ಹೆಸರು ಹೇಳಿದರು.

ಫೋಟೋ ತೆಗೆಯಲಿಲ್ಲ, ಮೇಷ್ಟ್ರೇ. ನೀವು ಮತ್ತೆ ಬಂದಾಗ ಒಟ್ಟಿಗೆ ಹೋಗೋಣ. ಪೆನ್ಸಿಲ್ ತನ್ನಿ.